ರೀಬ್ರೀದರ್‌ಗೆ ಡೈವ್ ಕಂಪ್ಯೂಟರ್ ಆರಿಸೋದು ಹೇಗೆ: ಮೂರು ಸೆನ್ಸರ್, ಎರಡು ಸುಳ್ಳು

ಹಿಂದಿನ ಮಾತುಕತೆಯಲ್ಲಿ ನೇತ್ರಾಣಿ ಬಗ್ಗೆ ಹೇಳಿದ್ದೆ. ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿ, ಬೆಳಗ್ಗೆ ಭಟ್ಕಳದ ಕಡೆ ಇಳಿದು, ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಮುಳುಗೋದು. ಅದಾದ ಮೇಲೆ ತುಂಬಾ ಜನ ಕೇಳಿದ ಪ್ರಶ್ನೆ ಒಂದೇ: "ನಾನೂ ಡೈವ್ ಕಂಪ್ಯೂಟರ್ ತಗೋಬೇಕು, ಯಾವುದು ತಗೊಳ್ಳಲಿ?" ನೇತ್ರಾಣಿಗೆ, ಮಾಲ್ವಣಕ್ಕೆ, ಅಂಡಮಾನಿನ ಸಾಮಾನ್ಯ ಡೈವ್‌ಗಳಿಗೆ ಉತ್ತರ ಸುಲಭ. ಅಕ್ಷರ ದೊಡ್ಡದಾಗಿ ಕಾಣೋ ಯಾವುದಾದರೂ ಸರಳವಾದದ್ದು ತಗೊಳ್ಳಿ, ಮ್ಯಾನ್ಯುಯಲ್ ಓದಿ, ಅಷ್ಟೇ.

ಆದರೆ ಪರ್ತ್, ದುಬೈ, ಫ್ಲೋರಿಡಾದಲ್ಲಿ ಇರೋ ನಮ್ಮವರು ಕೆಲವರು ಮುಂದಿನ ಹೆಜ್ಜೆ ಕೇಳಿದ್ದಾರೆ. ಟೆಕ್ನಿಕಲ್ ಡೈವಿಂಗ್, ಅದರಲ್ಲೂ ರೀಬ್ರೀದರ್. ಅಲ್ಲಿ ಪ್ರಶ್ನೆಯೇ ಬದಲಾಗುತ್ತೆ. ಕಂಪ್ಯೂಟರ್ ಅಲ್ಲಿ ಬರೀ ಆಳ, ಸಮಯ ತೋರಿಸೋ ಗಡಿಯಾರ ಅಲ್ಲ. ನೀವು ಈಗ ಉಸಿರಾಡ್ತಿರೋದು ಗಾಳಿಯೋ ವಿಷವೋ ಅಂತ ಹೇಳೋ ಸಾಧನ ಅದೊಂದೇ. ಇವತ್ತು ಅದರ ಬಗ್ಗೆ ಮಾತಾಡೋಣ. ನಾನು ಡೈವಿಂಗ್ ಇನ್‌ಸ್ಟ್ರಕ್ಟರ್ ಅಲ್ಲ, ಸಾಫ್ಟ್‌ವೇರ್ ಬರೆಯೋನು. ಇದು ತರಬೇತಿಗೆ ಬದಲಿ ಅಲ್ಲ, ಅಂಗಡಿಗೆ ಹೋಗೋ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ.

ಮೊದಲು ಯಂತ್ರ ಅರ್ಥ ಆಗಲಿ

ಸಾಮಾನ್ಯ ಸ್ಕೂಬಾದಲ್ಲಿ ಸಿಲಿಂಡರ್‌ನಿಂದ ಒಂದು ಉಸಿರು ಎಳೀತೀರಿ, ಹೊರಗೆ ಗುಳ್ಳೆ ಬಿಡ್ತೀರಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಬೇಕು ಅಂದ್ಕೊಳ್ಳಿ. 40 ಮೀಟರ್ ಆಳದಲ್ಲಿ ಒತ್ತಡ 5 ಬಾರ್, ಹಾಗಾಗಿ ನಿಮಿಷಕ್ಕೆ 100 ಲೀಟರ್ ಹೋಗುತ್ತೆ. ಆದರೆ ದೇಹ ನಿಜವಾಗಿ ಬಳಸೋ ಆಮ್ಲಜನಕ ನಿಮಿಷಕ್ಕೆ ಸುಮಾರು 1 ಲೀಟರ್ ಮಾತ್ರ, ಅದು ಆಳಕ್ಕೆ ತಕ್ಕಂತೆ ಏರೋದೂ ಇಲ್ಲ. ಉಳಿದದ್ದೆಲ್ಲ ಗುಳ್ಳೆ.

ರೀಬ್ರೀದರ್ ಈ ದುಂದು ನಿಲ್ಲಿಸುತ್ತೆ. ಬಿಟ್ಟ ಉಸಿರು ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಹಾದು ಹೋಗುತ್ತೆ, ಇಂಗಾಲದ ಡೈಆಕ್ಸೈಡ್ ಅಲ್ಲಿ ಉಳಿಯುತ್ತೆ, ಖರ್ಚಾದಷ್ಟು ಆಮ್ಲಜನಕ ಸೇರಿಸಿ ಅದೇ ಗಾಳಿ ವಾಪಸ್ ಕೊಡುತ್ತೆ. ಐಡಿಯಾ ಹೊಸದಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲೇ ಇಂಥದ್ದು ಮಾಡಿದ್ದ. ಆದರೆ ಸೆನ್ಸರ್ ಇಟ್ಟು, ಆಮ್ಲಜನಕವನ್ನು ಎಲೆಕ್ಟ್ರಾನಿಕ್ಸ್‌ನಿಂದ ನಿಯಂತ್ರಿಸೋ ಯಂತ್ರ ಸಾಮಾನ್ಯ ಡೈವರ್ ಕೈಗೆ ಬಂದದ್ದು 1997ರ ಇನ್‌ಸ್ಪಿರೇಶನ್‌ನಿಂದ ಈಚೆಗೆ.

ಲಾಭ ದೊಡ್ಡದು. ಒಂದು 3 ಲೀಟರ್ ಆಮ್ಲಜನಕದ ಬಾಟಲಿ 200 ಬಾರ್‌ನಲ್ಲಿ 600 ಲೀಟರ್ ಹಿಡಿಯುತ್ತೆ. ನಿಮಿಷಕ್ಕೆ 1 ಲೀಟರ್ ಅಂದ್ರೆ ಲೆಕ್ಕದ ಪ್ರಕಾರ 10 ಗಂಟೆ. ಅಪಾಯವೂ ಅಲ್ಲೇ ಇದೆ. ಆ ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಯಾರಾದರೂ ಕ್ಷಣಕ್ಷಣಕ್ಕೂ ನೋಡ್ತಾ ಇರಬೇಕು.

ಇದನ್ನು ಅಳೆಯೋದು ಆಂಶಿಕ ಒತ್ತಡದಲ್ಲಿ, ನಾವು ಪಿಒ2 ಅನ್ನೋಣ. ನಾವು ಕೂತಿರೋ ರೂಮಿನಲ್ಲಿ ಅದು 0.21. 0.16ಕ್ಕಿಂತ ಕೆಳಗೆ ಇಳಿದರೆ ಪ್ರಜ್ಞೆ ತಪ್ಪಬಹುದು. 1.6 ದಾಟಿದರೆ ಫಿಟ್ಸ್ ಬರಬಹುದು. ನೀರೊಳಗೆ ಫಿಟ್ಸ್ ಬಂದರೆ ಬಾಯಿಂದ ಮೌತ್‌ಪೀಸ್ ಬೀಳುತ್ತೆ, ಆಮೇಲೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಎರಡಕ್ಕೂ ಮುನ್ಸೂಚನೆ ಸಿಗುತ್ತೆ ಅಂತ ನಂಬೋ ಹಾಗಿಲ್ಲ. ಉಸಿರು ಕಟ್ಟಲ್ಲ, ವಾಸನೆ ಬರಲ್ಲ. ಅದಕ್ಕೇ ಯಂತ್ರಕ್ಕೆ ಒಂದು ಗುರಿ ಕೊಡ್ತೀವಿ, ಅದು ಸೆಟ್‌ಪಾಯಿಂಟ್. ಕೆಳಗೆ ಇದ್ದಾಗ ಸಾಮಾನ್ಯವಾಗಿ 1.2 ಅಥವಾ 1.3.

ಮನೆಯಲ್ಲಿ ಬಂದ ಪ್ರಶ್ನೆ

ನಾವಿರೋದು ಕೋಪರಿಯಲ್ಲಿ. ಇಲ್ಲಿಂದ ಖಾಡಿ ಹತ್ತಿರವೇ, ಫ್ಲೆಮಿಂಗೋ ಬರ್ತವೆ, ಆದರೆ ಆ ನೀರಲ್ಲಿ ನಮ್ಮ ಕೈ ನಮಗೇ ಕಾಣಲ್ಲ. ಹಾಗಾಗಿ ನನ್ನ ಸಾಮಾನು ವರ್ಷದ ಬಹುಪಾಲು ಬಾಲ್ಕನಿಯಲ್ಲಿ ಒಣಗ್ತಾ ಇರುತ್ತೆ. ಒಂದು ಭಾನುವಾರ ರೀಬ್ರೀದರ್‌ನ ತಲೆ ಬಿಚ್ಚಿ ಕೂತಿದ್ದೆ. ಹೆಂಡತಿ ಕಾಫಿ ಇಟ್ಟು ಕೇಳಿದಳು: "ಇದರಲ್ಲಿ ಮೂರು ಒಂದೇ ಥರದ್ದು ಯಾಕಿದೆ?"

ಅವು ಆಮ್ಲಜನಕದ ಸೆಲ್‌ಗಳು. ಒಂದು ಕೆಟ್ಟರೆ ಉಳಿದೆರಡು ಓಟು ಹಾಕಿ ಅದನ್ನು ಹೊರಗೆ ಹಾಕ್ತವೆ ಅಂತ ಹೇಳಿದೆ. ಐಟಿಯಲ್ಲಿ ಇರೋರಿಗೆ ಇದು ಗೊತ್ತಿರೋದೇ, ಮೂರು ಸರ್ವರ್, ಬಹುಮತ ಗೆಲ್ಲುತ್ತೆ. ಅವಳು ಕೇಳಿದ್ದು, "ಎರಡು ಸೇರ್ಕೊಂಡು ಸುಳ್ಳು ಹೇಳಿದ್ರೆ?"

ನಾನು ನಕ್ಕೆ. ಆಮೇಲೆ ಮೂರು ವಾರ ಬಿಟ್ಟು ನಗು ನಿಂತಿತು. ಯಾಕೆ ಅಂತ ಹೇಳ್ತೀನಿ. ಅದಕ್ಕೆ ಮೊದಲು ಸೆಲ್ ಹೇಗೆ ಕೆಲಸ ಮಾಡುತ್ತೆ ಅಂತ ನೋಡಿ.

ಸೆಲ್ ಸುಳ್ಳು ಹೇಳೋ ರೀತಿ

ಈ ಸೆಲ್ ಒಂದು ಪುಟ್ಟ ಬ್ಯಾಟರಿ ಇದ್ದಂತೆ. ಆಮ್ಲಜನಕ ತಾಗಿದಷ್ಟು ಮಿಲಿವೋಲ್ಟ್ ಕೊಡುತ್ತೆ. ಗಾಳಿಯಲ್ಲಿ, ಅಂದ್ರೆ 0.21ರಲ್ಲಿ, 10 ಮಿಲಿವೋಲ್ಟ್ ಕೊಡೋ ಸೆಲ್ ಶುದ್ಧ ಆಮ್ಲಜನಕದಲ್ಲಿ ಸುಮಾರು 48 ಕೊಡಬೇಕು. 1.6ಕ್ಕೆ 76. ಸರಳ ರೇಖೆ.

ಬ್ಯಾಟರಿಯಂತೆಯೇ ಇದೂ ಸವೆಯುತ್ತೆ. ಹಳೆಯ ಸೆಲ್ ಕೆಳಗಿನ ಭಾಗದಲ್ಲಿ ಸರಿಯಾಗೇ ಇರುತ್ತೆ, ಮೇಲಿನ ಭಾಗದಲ್ಲಿ ಒಂದು ಮಿತಿ ಮುಟ್ಟಿ ನಿಂತುಬಿಡುತ್ತೆ. ನಮ್ಮ ಉದಾಹರಣೆಯ ಸೆಲ್ 60 ಮಿಲಿವೋಲ್ಟ್‌ಗಿಂತ ಮೇಲೆ ಹೋಗಲಾರದು ಅಂದ್ಕೊಳ್ಳಿ. ಅಂದ್ರೆ ಅದು 1.26ಕ್ಕಿಂತ ಹೆಚ್ಚು ಯಾವತ್ತೂ ತೋರಿಸಲ್ಲ. ನೀವು ಸೆಟ್‌ಪಾಯಿಂಟ್ 1.3 ಕೊಟ್ಟಿದ್ದೀರಿ. ಕಂಟ್ರೋಲರ್ ನೋಡುತ್ತೆ, 1.26 ಇದೆ, ಸಾಲದು, ಆಮ್ಲಜನಕ ಬಿಡು. ಮತ್ತೆ ನೋಡುತ್ತೆ, ಇನ್ನೂ 1.26. ಮತ್ತೆ ಬಿಡು. ನಿಜವಾದ ಪಿಒ2 1.4, 1.5, 1.6 ಏರ್ತಾ ಹೋಗುತ್ತೆ. ಸ್ಕ್ರೀನ್‌ನಲ್ಲಿ ಮಾತ್ರ ಶಾಂತವಾಗಿ 1.26.

ಮೂರರಲ್ಲಿ ಒಂದು ಹೀಗಾದರೆ ಬಹುಮತ ಉಳಿಸುತ್ತೆ. ಎರಡು ಹೀಗಾದರೆ? ಎ ಸೆಲ್ 1.20, ಬಿ ಸೆಲ್ 1.22, ಸಿ ಸೆಲ್ 1.60. ಉಳಿದವಕ್ಕಿಂತ ಸುಮಾರು 20% ದೂರ ಇರೋ ಸೆಲ್ಲನ್ನು ಹೊರಗೆ ಹಾಕೋದು ಸಾಮಾನ್ಯ ನಿಯಮ. ಹೊರಗೆ ಹೋಗೋದು ಸಿ, ಅಂದ್ರೆ ನಿಜ ಹೇಳ್ತಿರೋ ಒಂದೇ ಒಂದು ಸೆಲ್. ಸ್ಕ್ರೀನ್ ತೋರಿಸೋ ಸರಾಸರಿ 1.21.

ಇದು ಅಪರೂಪದ ಕಾಕತಾಳೀಯ ಅಂತ ಅನ್ನಿಸಬಹುದು. ಅಲ್ಲ. ಮೂರೂ ಸೆಲ್ಲನ್ನು ಒಂದೇ ದಿನ, ಒಂದೇ ಡಬ್ಬಿಯಿಂದ, ಒಂದೇ ಬ್ಯಾಚ್ ತಗೊಂಡಿರ್ತೀವಿ. ಒಂದೇ ಬಿಸಿ, ಒಂದೇ ತೇವ, ಒಂದೇ ವಯಸ್ಸು. ಹಾಗಾದರೆ ಒಟ್ಟಿಗೇ ಮುದಿಯಾಗದೆ ಇನ್ನೇನಾಗುತ್ತೆ? ನಮ್ಮ ಕ್ಷೇತ್ರದಲ್ಲೇ ಇದಕ್ಕೆ ಹಳೆಯ ಪಾಠ ಇದೆ. 1986ರಲ್ಲಿ ಜಾನ್ ನೈಟ್ ಮತ್ತು ನ್ಯಾನ್ಸಿ ಲೆವೆಸನ್ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಸಮಸ್ಯೆಗೆ 27 ಪ್ರೋಗ್ರಾಂಗಳನ್ನು ಬೇರೆ ಬೇರೆ ಜನ ಸ್ವತಂತ್ರವಾಗಿ ಬರೆದರು. ಸ್ವತಂತ್ರ ಅಂದಮೇಲೆ ತಪ್ಪುಗಳೂ ಸ್ವತಂತ್ರವಾಗಿ ಬರಬೇಕಲ್ಲ? ಬರಲಿಲ್ಲ. ಒಂದೇ ಇನ್‌ಪುಟ್‌ಗೆ ಹಲವು ಪ್ರೋಗ್ರಾಂಗಳು ಒಟ್ಟಿಗೆ ತಪ್ಪಿದವು, ಲೆಕ್ಕಕ್ಕಿಂತ ತುಂಬಾ ಹೆಚ್ಚು ಸಲ. ಎಂಟೆಕ್‌ನಲ್ಲಿ ನಾನು ಇದನ್ನು ಪರೀಕ್ಷೆಗೆ ಅಂತ ಓದಿ ಮರೆತಿದ್ದೆ.

ಲಾಗ್‌ನಲ್ಲಿ ಇತ್ತು, ನಾನು ನೋಡಿರಲಿಲ್ಲ

ಆ ಭಾನುವಾರ ಆಗಿ ಮೂರು ವಾರಕ್ಕೆ ಒಬ್ಬ ಗೆಳೆಯನ ಮನೆಗೆ ಹೋಗಿದ್ದೆ. ಅವನ ಹತ್ತಿರ ಪುಟ್ಟ ಪ್ರೆಶರ್ ಪಾಟ್ ಇದೆ. ಸೆಲ್ಲನ್ನು ಒಳಗಿಟ್ಟು ಆಮ್ಲಜನಕದ ಒತ್ತಡ ಏರಿಸಿ ಓದು ನೋಡಬಹುದು. ನನ್ನ ಸೆಲ್‌ಗಳು ಮೇಲ್ಮೈ ಕ್ಯಾಲಿಬ್ರೇಶನ್‌ನಲ್ಲಿ ಪ್ರತಿ ಸಲವೂ ಪಾಸ್ ಆಗಿದ್ದವು. ಪಾಟ್‌ನಲ್ಲಿ 1.6ಕ್ಕೆ ಏರಿಸಿದಾಗ ಒಂದು ಸೆಲ್ ಸರಿಯಾಗಿ ಏರಿತು. ಇನ್ನೆರಡು 1.25 ಆಸುಪಾಸಿನಲ್ಲಿ ನಿಂತವು. ಎರಡೂ ಒಂದೇ ದಿನ ಕೊಂಡದ್ದು, ವರ್ಷ ದಾಟಿತ್ತು. "ವರ್ಷಕ್ಕೊಮ್ಮೆ ಬದಲಿಸು" ಅನ್ನೋ ಮಾತನ್ನು "ಇನ್ನೊಂದು ಟ್ರಿಪ್ ಆಗಲಿ" ಅಂತ ಮುಂದೂಡಿದವನು ನಾನೇ. ತಪ್ಪು ಪೂರ್ತಿ ನನ್ನದು.

ಆ ಸೆಲ್‌ಗಳನ್ನೇ ಇಟ್ಟುಕೊಂಡು ಹಿಂದಿನ ತಿಂಗಳು ಮೂರು ಡೈವ್ ಮುಗಿಸಿ ಬಂದಿದ್ದೆ. ಆ ಸಲ ಸೆಟ್‌ಪಾಯಿಂಟ್ 1.2 ಇಟ್ಟಿದ್ದೆ. 1.3 ಇಟ್ಟಿದ್ದರೆ ಇವತ್ತು ಈ ಮಾತು ಹೇಳ್ತಿರಲಿಲ್ಲವೇನೋ.

ರಾತ್ರಿ ಮನೆಗೆ ಬಂದು ಲಾಗ್ ತೆಗೆದು ನೋಡಿದೆ. ಕೆಳಗೆ ಇಳಿಯುವಾಗ ಒತ್ತಡ ಏರೋದರಿಂದ ಪಿಒ2 ಸ್ವಲ್ಪ ಹೊತ್ತು ಜಿಗಿಯುತ್ತೆ. ಆ ಜಾಗದಲ್ಲಿ ಒಂದು ಸೆಲ್‌ನ ಗೆರೆ 1.45ಕ್ಕೆ ಏರಿ ಇಳಿದಿದೆ. ಇನ್ನೆರಡರ ಗೆರೆ 1.25ರಲ್ಲಿ ಚಪ್ಪಟೆ, ಸ್ಕೇಲ್ ಇಟ್ಟು ಎಳೆದ ಹಾಗೆ. 1.25ಕ್ಕೂ 1.45ಕ್ಕೂ ವ್ಯತ್ಯಾಸ 16%. ಮಿತಿಯ ಒಳಗೇ ಇದೆ, ಹಾಗಾಗಿ ಅಲಾರಂ ಹೊಡೆದಿಲ್ಲ. ಪ್ರೊಡಕ್ಷನ್‌ನಲ್ಲಿ ಸರ್ವರ್ ಬಿದ್ದ ಮೇಲೆ ಲಾಗ್ ನೋಡೋ ಅಭ್ಯಾಸ ನಮಗಿದೆ, ಬೀಳದೆ ಇದ್ದಾಗ ಯಾರು ನೋಡ್ತಾರೆ?

ಹಾಗಾಗಿ ಕಂಪ್ಯೂಟರ್ ಆರಿಸೋದಕ್ಕೆ ನನ್ನ ಪಟ್ಟಿ ಈ ಘಟನೆಯಿಂದಲೇ ಶುರು ಆಗುತ್ತೆ.

ಒಂದು: ಮೂರೂ ಸೆಲ್ ಬೇರೆ ಬೇರೆ ಕಾಣಬೇಕು

ಸರಾಸರಿ ಮಾತ್ರ ತೋರಿಸೋ ಸ್ಕ್ರೀನ್ ಬೇಡ. ಮೂರು ಓದುಗಳೂ ಮುಖ್ಯ ಪರದೆಯಲ್ಲೇ ಇರಬೇಕು. ಮಿಲಿವೋಲ್ಟ್ ಒಂದೆರಡು ಬಟನ್ ದೂರದಲ್ಲಿ ಸಿಗಬೇಕು. ಡೈವ್ ಮುಗಿದ ಮೇಲೆ ಪ್ರತಿ ಸೆಲ್‌ನ ಗೆರೆಯೂ ಲಾಗ್‌ನಲ್ಲಿ ಉಳಿಯಬೇಕು. ಕೊಳ್ಳೋ ಮೊದಲು ಅಂಗಡಿಯವರಿಗೆ ಇದನ್ನೇ ಕೇಳಿ.

ಯಾಕಂದ್ರೆ ಅನುಮಾನ ಬಂದಾಗ ನೀವು ಮಾಡೋದು ಡಿಲ್ಯುಯೆಂಟ್ ಫ್ಲಶ್. ಅಂದ್ರೆ ಗೊತ್ತಿರೋ ಗ್ಯಾಸ್‌ನಿಂದ ಇಡೀ ಲೂಪ್ ತೊಳೆಯೋದು. 18% ಆಮ್ಲಜನಕದ ಟ್ರೈಮಿಕ್ಸ್, 50 ಮೀಟರ್ ಆಳ, ಒತ್ತಡ 6 ಬಾರ್. ಗುಣಿಸಿದರೆ 1.08. ಮೂರು ಸೆಲ್‌ಗಳಲ್ಲಿ ಯಾವುದು 1.08 ಹೇಳುತ್ತೋ ಅದನ್ನು ನಂಬಬಹುದು, ಆದರೆ 1.08ರವರೆಗೆ ಮಾತ್ರ! ಅದಕ್ಕಿಂತ ಮೇಲೆ ಸೆಲ್ ನಿಂತುಬಿಡುತ್ತಾ ಅಂತ ಈ ಪರೀಕ್ಷೆ ಹೇಳಲ್ಲ. ಅದಕ್ಕೆ 6 ಮೀಟರ್‌ನಲ್ಲಿ ಆಮ್ಲಜನಕದಿಂದ ಫ್ಲಶ್ ಮಾಡಿ 1.6 ಹತ್ತಿರ ಬರುತ್ತಾ ಅಂತ ನೋಡ್ತಾರೆ. ಹೇಗೆ, ಯಾವಾಗ ಅಂತ ನಿಮ್ಮ ಇನ್‌ಸ್ಟ್ರಕ್ಟರ್ ಕಲಿಸಬೇಕು. ಕಂಪ್ಯೂಟರ್ ಕೆಲಸ ಮೂರು ಅಂಕಿಯನ್ನೂ ಮುಚ್ಚದೆ ತೋರಿಸೋದು.

ಎರಡು: ಕೇಬಲ್ ಬೇಕೋ, ಬೇಡವೋ

ರೀಬ್ರೀದರ್‌ಗೆ ಬಳಸೋ ಕಂಪ್ಯೂಟರ್‌ಗಳಲ್ಲಿ ಎರಡು ಜಾತಿ. ಒಂದು ಕೇಬಲ್ ಮೂಲಕ ಸೆಲ್‌ಗಳಿಗೆ ಸೇರಿ ನಿಜವಾದ ಪಿಒ2 ಓದೋದು. ಶಿಯರ್‌ವಾಟರ್ ಕಂಪನಿಯ ಪೆಟ್ರೆಲ್ 3, ಕಣ್ಣ ಮುಂದೆಯೇ ಕೂರೋ ನರ್ಡ್ 2 ಇಂಥವು ಈ ಜಾತಿಯಲ್ಲಿ ಸಿಗ್ತವೆ. ಇನ್ನೊಂದು ಜಾತಿಗೆ ಸೆಲ್‌ಗಳ ಸಂಪರ್ಕವೇ ಇಲ್ಲ. "ಪಿಒ2 1.3 ಇದೆ" ಅಂತ ನೀವು ಹೇಳಿದ್ದನ್ನೇ ನಂಬಿ ಲೆಕ್ಕ ಹಾಕುತ್ತೆ. ಪರ್ಡಿಕ್ಸ್ 2, ಗಡಿಯಾರದ ಗಾತ್ರದ ಟೆರಿಕ್, ಗಾರ್ಮಿನ್ ಡಿಸೆಂಟ್ ಮಾರ್ಕ್ 2 ಇವು ಈ ಕಡೆ.

ಎರಡನೇ ಜಾತಿ ಅಗ್ಗ, ಸರಳ, ಬೇರೆ ಡೈವ್‌ಗೂ ಆಗುತ್ತೆ. ಆದರೆ ನಿಜವಾದ ಪಿಒ2 1.3 ಬದಲು 1.0 ಇದ್ದರೆ ಏನಾಗುತ್ತೆ ನೋಡಿ. 40 ಮೀಟರ್‌ನಲ್ಲಿ ಒಟ್ಟು 5 ಬಾರ್. ಕಂಪ್ಯೂಟರ್ ಲೆಕ್ಕದಲ್ಲಿ ಜಡ ಅನಿಲ 3.7, ನಿಜದಲ್ಲಿ 4.0. ಸುಮಾರು 8% ವ್ಯತ್ಯಾಸ, ಪರವಾಗಿಲ್ಲ ಅನ್ನಿಸುತ್ತೆ. ಈಗ 6 ಮೀಟರ್‌ಗೆ ಬನ್ನಿ, ಡಿಕಂಪ್ರೆಶನ್‌ಗೆ ಅಂತ ನಿಂತಿದ್ದೀರಿ. ಒಟ್ಟು 1.6 ಬಾರ್. ಕಂಪ್ಯೂಟರ್ ಲೆಕ್ಕದಲ್ಲಿ ಜಡ ಅನಿಲ 0.3, ನಿಜದಲ್ಲಿ 0.6. ಎರಡು ಪಟ್ಟು! ದೇಹದಿಂದ ಅನಿಲ ಹೊರಹೋಗಬೇಕಾದ ಜಾಗದಲ್ಲೇ ಲೆಕ್ಕ ಅತಿ ಹೆಚ್ಚು ತಪ್ಪೋದು. "ಡಿಕೋ ಮುಗೀತು, ಮೇಲೆ ಹೋಗು" ಅಂತ ಅದು ಹೇಳುತ್ತೆ, ಮುಗಿದಿರಲ್ಲ.

ಹಾಗಾಗಿ ಮುಖ್ಯ ಕಂಪ್ಯೂಟರ್ ಸೆಲ್‌ಗಳಿಗೆ ಸೇರಿದ್ದೇ ಇರಲಿ. ಸೇರದ್ದು ಬ್ಯಾಕಪ್‌ಗೆ ಇರಲಿ, ಪಿಒ2 ಬದಲಾದರೆ ಅದಕ್ಕೆ ಕೈಯಾರೆ ತಿಳಿಸೋ ಶಿಸ್ತು ನಿಮಗಿರಲಿ.

ಇನ್ನೊಂದು ಎಚ್ಚರಿಕೆ. ಎರಡನೇ ಕಂಪ್ಯೂಟರನ್ನೂ ಅದೇ ಮೂರು ಸೆಲ್‌ಗಳಿಗೆ ಸೇರಿಸಿ "ನನ್ನ ಹತ್ತಿರ ಎರಡಿದೆ" ಅಂತ ನಿಶ್ಚಿಂತೆ ಆಗಬೇಡಿ. ಸ್ಕ್ರೀನ್ ಒಡೆದರೆ, ಬ್ಯಾಟರಿ ಹೋದರೆ ಅದು ಉಳಿಸುತ್ತೆ. ಸೆಲ್ ಸುಳ್ಳು ಹೇಳಿದರೆ ಎರಡೂ ಸ್ಕ್ರೀನ್ ಒಂದೇ ಸುಳ್ಳನ್ನು ತೋರಿಸ್ತವೆ. ಒಂದೇ ಡೇಟಾಬೇಸ್‌ಗೆ ಎರಡು ಡ್ಯಾಶ್‌ಬೋರ್ಡ್ ಹಾಕಿದ ಹಾಗೆ.

ಮೂರು: ಅಲ್ಗಾರಿದಂ ತೆರೆದದ್ದಿರಲಿ

ಡಿಕಂಪ್ರೆಶನ್ ಲೆಕ್ಕಕ್ಕೆ ಇವತ್ತು ಹೆಚ್ಚು ಬಳಕೆಯಲ್ಲಿರೋದು ಜ್ಯೂರಿಕ್‌ನ ಆಲ್ಬರ್ಟ್ ಬ್ಯೂಲ್‌ಮನ್ ಅವರ ಮಾದರಿ. ದೇಹವನ್ನು 16 ಕಾಲ್ಪನಿಕ ಅಂಗಾಂಶಗಳಾಗಿ ನೋಡುತ್ತೆ, ಕೆಲವು ಬೇಗ ಅನಿಲ ತುಂಬಿ ಖಾಲಿಯಾಗ್ತವೆ, ಕೆಲವಕ್ಕೆ ಗಂಟೆಗಟ್ಟಲೆ ಬೇಕು. ಎರಿಕ್ ಬೇಕರ್ ಇದಕ್ಕೆ ಗ್ರೇಡಿಯಂಟ್ ಫ್ಯಾಕ್ಟರ್ ಅನ್ನೋ ಎರಡು ಅಂಕಿ ಸೇರಿಸಿದರು. ಮೊದಲ ಅಂಕಿ ಮೊದಲ ನಿಲುಗಡೆ ಎಷ್ಟು ಆಳದಲ್ಲಿ ಅಂತ ನಿರ್ಧರಿಸುತ್ತೆ, ಎರಡನೆಯದು ಮೇಲೆ ಬರುವಾಗ ಎಷ್ಟು ಅಂಚು ಉಳಿಸ್ತೀರಿ ಅಂತ.

ಈ ಅಂಕಿ ಬದಲಿಸೋ ಅವಕಾಶ ಯಾಕೆ ಬೇಕು? ಒಂದು ಕಾಲದಲ್ಲಿ ತುಂಬಾ ಆಳದಲ್ಲೇ ನಿಲ್ಲಲು ಶುರು ಮಾಡಿದರೆ ಒಳ್ಳೆಯದು ಅಂತ ಟೆಕ್ನಿಕಲ್ ಡೈವರ್‌ಗಳು ನಂಬಿದ್ದರು. 2011ರಲ್ಲಿ ಅಮೆರಿಕದ ನೌಕಾಪಡೆ ಒಂದು ವರದಿ ಕೊಟ್ಟಿತು. ಒಟ್ಟು ಡಿಕೋ ಸಮಯ ಒಂದೇ, ಆದರೆ ಒಂದು ಗುಂಪಿಗೆ ಆಳದ ನಿಲುಗಡೆ ಹೆಚ್ಚು, ಇನ್ನೊಂದಕ್ಕೆ ಮೇಲಿನ ನಿಲುಗಡೆ ಹೆಚ್ಚು. ಆಳದಲ್ಲಿ ಹೆಚ್ಚು ನಿಂತ ಗುಂಪಿನಲ್ಲೇ ಡಿಕಂಪ್ರೆಶನ್ ಕಾಯಿಲೆ ಹೆಚ್ಚು ಬಂತು. ತಿಳಿವಳಿಕೆ ಬದಲಾಯಿತು, ಜನ ಮೊದಲ ಅಂಕಿಯನ್ನು ಏರಿಸಿದರು. ಅಲ್ಗಾರಿದಂ ಕಂಪನಿಯ ಗುಟ್ಟಾಗಿದ್ದರೆ ಹೀಗೆ ಬದಲಿಸೋಕೆ ಆಗಲ್ಲ, ಎರಡು ಕಂಪ್ಯೂಟರ್‌ಗಳ ಲೆಕ್ಕ ಹೋಲಿಸೋಕೂ ಆಗಲ್ಲ. ಮುಖ್ಯದ್ದು, ಬ್ಯಾಕಪ್ ಎರಡರಲ್ಲೂ ಒಂದೇ ಮಾದರಿ, ಒಂದೇ ಅಂಕಿ ಇರಲಿ.

ನಮ್ಮಂಥವರಿಗೆ ಖುಷಿ ಕೊಡೋ ವಿಷಯ ಎರಡು. ಜರ್ಮನಿಯ ಹೈನ್‌ರಿಶ್ಸ್ ವೈಕಾಂಪ್ ಕಂಪನಿ ತನ್ನ ಓಎಸ್‌ಟಿಸಿ ಕಂಪ್ಯೂಟರ್‌ಗಳ ಫರ್ಮ್‌ವೇರ್ ಸೋರ್ಸ್ ಕೋಡನ್ನು ಬಹಿರಂಗವಾಗಿ ಇಟ್ಟಿದೆ. ಮತ್ತೆ ಸಬ್‌ಸರ್ಫೇಸ್ ಅನ್ನೋ ಉಚಿತ ಲಾಗ್ ತಂತ್ರಾಂಶವನ್ನು 2011ರಲ್ಲಿ ಶುರು ಮಾಡಿದ್ದು ಲಿನಕ್ಸ್‌ನ ಲಿನಸ್ ಟೊರ್ವಾಲ್ಡ್ಸ್ ಅವರೇ. ಅದರಲ್ಲಿ ರೀಬ್ರೀದರ್ ಡೈವ್ ಪ್ಲಾನ್ ಕೂಡ ಹಾಕಬಹುದು. ಕಂಪ್ಯೂಟರ್ ಕೊಳ್ಳೋ ಮೊದಲೇ ಲ್ಯಾಪ್‌ಟಾಪ್‌ನಲ್ಲಿ ಸೆಟ್‌ಪಾಯಿಂಟ್ 1.3ರಿಂದ 1.0ಗೆ ಇಳಿಸಿ ಡಿಕೋ ಎಷ್ಟು ಬೆಳೆಯುತ್ತೆ ಅಂತ ನೀವೇ ನೋಡಿ.

ನಾಲ್ಕು: ಬೇಲ್‌ಔಟ್ ಒಂದೇ ಹೆಜ್ಜೆಯಲ್ಲಿ

ಯಂತ್ರ ಕೈಕೊಟ್ಟರೆ ಬೆನ್ನಿನ ಪಕ್ಕ ಇರೋ ಸಾಮಾನ್ಯ ಸಿಲಿಂಡರ್‌ಗೆ ಬದಲಾಗಬೇಕು. ಅದು ಬೇಲ್‌ಔಟ್. ಆ ಕ್ಷಣದಲ್ಲಿ ಕೈ ನಡುಗ್ತಾ ಇರುತ್ತೆ. ಮೆನು ಒಳಗೆ ಮೆನು ಹುಡುಕೋ ಕಂಪ್ಯೂಟರ್ ಆಗ ಪ್ರಯೋಜನಕ್ಕೆ ಬರಲ್ಲ. ದಪ್ಪ ಗ್ಲೌಸ್ ಹಾಕಿಕೊಂಡು ಅಂಗಡಿಯಲ್ಲೇ ಒತ್ತಿ ನೋಡಿ.

ಬೇಲ್‌ಔಟ್ ಆದರೆ ಮೇಲೆ ಬರೋಕೆ ಎಷ್ಟು ನಿಮಿಷ ಬೇಕು ಅಂತ ಡೈವ್ ನಡುವೆಯೇ ತೋರಿಸುತ್ತಾ ಅಂತಲೂ ಕೇಳಿ. ಲೆಕ್ಕ ಕ್ರೂರವಾಗಿದೆ. 60 ಮೀಟರ್‌ನಲ್ಲಿ 7 ಬಾರ್. ಗಾಬರಿಯಲ್ಲಿ ಉಸಿರು ನಿಮಿಷಕ್ಕೆ 30 ಲೀಟರ್ ಅಂದ್ಕೊಂಡರೂ 210 ಲೀಟರ್ ಹೋಗುತ್ತೆ. 11 ಲೀಟರ್ ಸಿಲಿಂಡರ್ 200 ಬಾರ್‌ನಲ್ಲಿ 2200 ಲೀಟರ್. ಆ ಆಳದಲ್ಲೇ ನಿಂತರೆ ಹತ್ತೂವರೆ ನಿಮಿಷಕ್ಕೆ ಖಾಲಿ. ರೀಬ್ರೀದರ್ ಹತ್ತು ಗಂಟೆ ಕೊಡುತ್ತೆ ಅಂತ ಕೆಳಗೆ ಕೂತವರಿಗೆ ವಾಪಸ್ ಬರೋ ದಾರಿ ಇಷ್ಟೇ ಉದ್ದ.

ಐದು: ಬ್ಯಾಟರಿ, ಸ್ಕ್ರೀನ್, ರಿಪೇರಿ

ಪೆಟ್ರೆಲ್, ಪರ್ಡಿಕ್ಸ್ ಥರದವು ಸಾಮಾನ್ಯ ಡಬಲ್ ಎ ಬ್ಯಾಟರಿ ತಗೊಳ್ತವೆ. ಕೋಪರಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ, ಮುರುಡೇಶ್ವರದಲ್ಲೂ ಸಿಗುತ್ತೆ. ಟೆರಿಕ್ ಥರದವು ಚಾರ್ಜ್ ಮಾಡೋವು, ಚಾರ್ಜರ್ ಮನೆಯಲ್ಲಿ ಮರೆತರೆ ಟ್ರಿಪ್ ಮುಗೀತು. ಬ್ಯಾಟರಿ ಬದಲಿಸಿದಾಗ ದೇಹದ ಅನಿಲದ ಲೆಕ್ಕ ಉಳಿಯುತ್ತಾ ಅಳಿಸಿ ಹೋಗುತ್ತಾ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ಭಾರತದಲ್ಲಿ ಇರೋರು, ಕೆಟ್ಟರೆ ಯಾವ ದೇಶಕ್ಕೆ ಕಳಿಸಬೇಕು, ಕಸ್ಟಮ್ಸ್ ಯಾರು ಕಟ್ಟಬೇಕು ಅಂತ ದುಡ್ಡು ಕೊಡೋ ಮೊದಲು ಕೇಳಿ.

ಕೊನೆಗೆ

ಈಗ ಯಾವುದು ತಗೊಳ್ಳಲಿ ಅಂದ್ರೆ: ಮೊದಲು ಯಂತ್ರ ಯಾವುದು ಅಂತ ತೀರ್ಮಾನ ಮಾಡಿ, ಎಷ್ಟೋ ರೀಬ್ರೀದರ್‌ಗಳಿಗೆ ಕಂಟ್ರೋಲರ್ ಜೊತೆಗೇ ಬರುತ್ತೆ. ಅದಕ್ಕೆ ಜೊತೆಯಾಗಿ ಅದೇ ಅಲ್ಗಾರಿದಂ ಇರೋ ಇನ್ನೊಂದು ತಗೊಳ್ಳಿ. ಕೈಯಲ್ಲಿ ದುಡ್ಡು ಮಿಕ್ಕರೆ ದೊಡ್ಡ ಬಣ್ಣದ ಸ್ಕ್ರೀನ್‌ಗೆ ಹಾಕಬೇಡಿ, ಹೊಸ ಸೆಲ್‌ಗಳಿಗೆ ಹಾಕಿ.

ನಾನು ಈಗ ಮೂರನ್ನೂ ಒಟ್ಟಿಗೆ ಕೊಳ್ಳಲ್ಲ. ನಾಲ್ಕು ತಿಂಗಳಿಗೊಂದು ಬದಲಿಸ್ತೀನಿ, ಪ್ರತಿ ಸೆಲ್ ಮೇಲೂ ಮಾರ್ಕರ್‌ನಿಂದ ತಿಂಗಳು, ವರ್ಷ ಬರೀತೀನಿ. ಯಾವುದೂ ವರ್ಷ ದಾಟಲ್ಲ, ಯಾವ ಎರಡಕ್ಕೂ ಒಂದೇ ವಯಸ್ಸಲ್ಲ. ಪ್ರತಿ ಡೈವ್ ಆದ ಮೇಲೆ, ಏನೂ ಆಗದಿದ್ದರೂ, ಮೂರು ಗೆರೆಗಳನ್ನು ನೋಡ್ತೀನಿ. ಎಲ್ಲಾದರೂ ಒಂದು ಗೆರೆ ಚಪ್ಪಟೆ ಆಗಿದ್ಯಾ ಅಂತ ಪಕ್ಕದಲ್ಲಿ ಕೂತು ಅವಳೂ ನೋಡ್ತಾಳೆ. ಆ ಎರಡು ಹಳೆಯ ಸೆಲ್‌ಗಳು ಈಗ ಅವಳ ಮೇಜಿನ ಡ್ರಾಯರ್‌ನಲ್ಲಿ ಇವೆ, ಎಸೆಯೋಕೆ ಬಿಟ್ಟಿಲ್ಲ.

ಪ್ರಶ್ನೆ ಇದ್ದರೆ ಬರೆಯಿರಿ. ನೀವು ಬಳಸೋ ಯಂತ್ರ ಯಾವುದು, ಸೆಲ್‌ಗೆ ಎಷ್ಟು ವಯಸ್ಸು ಅಂತಲೂ ಬರೆಯಿರಿ. ಎರಡನೆಯದಕ್ಕೆ ಉತ್ತರ ತಕ್ಷಣ ಹೊಳೆಯದಿದ್ದರೆ, ಇವತ್ತೇ ತಲೆ ಬಿಚ್ಚಿ ನೋಡಿ.